ಮನೆಯ ಪ್ಲಾಸ್ಟಿಕ್ ನೀರಿನ ಪೈಪು ಸುರಕ್ಷಿತವಾಗಿರಬೇಕೆಂದರೆ: ಆಯ್ಕೆಯಿಂದ ರಿಪೇರಿಯವರೆಗೆ

ಪ್ಲಾಸ್ಟಿಕ್ ಪೈಪಿನಲ್ಲಿ ಬಂದ ನೀರು ಕುಡಿಯಬಹುದೇ? ಕುಡಿಯುವ ನೀರಿಗೆಂದೇ ತಯಾರಾದ ಪೈಪನ್ನು ತಂದು, ಅದು ತಾಳುವಷ್ಟೇ ಬಿಸಿಗೆ ಬಳಸಿ, ಅದಕ್ಕೆ ಹೊಂದುವ ಅಂಟಿನಿಂದ ಜೋಡಿಸಿ, ಬಳಕೆಗೆ ಮೊದಲು ಚೆನ್ನಾಗಿ ತೊಳೆದಿದ್ದರೆ ಧಾರಾಳವಾಗಿ ಕುಡಿಯಬಹುದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಎಷ್ಟು ದುಬಾರಿ ಪೈಪು ತಂದರೂ ಅಷ್ಟೇ. ಚರಂಡಿಗೆ ಹಾಕುವ ಪೈಪನ್ನು ಅಡುಗೆಮನೆ ನಲ್ಲಿಗೆ ಎಳೆಯುವುದು, ತಣ್ಣೀರಿನ ಪೈಪನ್ನು ಗೀಸರಿಗೆ ಕಟ್ಟುವುದು, ಅಂಟನ್ನು ಸುರಿದು ಹಾಕುವುದು, ಅಂಟು ಒಣಗುವ ಮೊದಲೇ ನೀರು ಬಿಡುವುದು ಎಲ್ಲ ಕಡೆ ನಡೆಯುತ್ತಲೇ ಇರುತ್ತವೆ. ಕೊನೆಗೆ ಹೆಸರು ಕೆಡುವುದು ಮಾತ್ರ ಪ್ಲಾಸ್ಟಿಕ್ಕಿನದು.

ಹಂತ 1: ಕೈಯಲ್ಲಿರುವುದು ಯಾವ ಪ್ಲಾಸ್ಟಿಕ್ ಎಂದು ತಿಳಿಯುವುದು

ಮನೆಯ ನೀರಿನ ಲೈನುಗಳಲ್ಲಿ ಮುಖ್ಯವಾಗಿ ಸಿಗುವುದು ಐದು ಬಗೆ.

ಯುಪಿವಿಸಿ: ಬಿಳಿ ಅಥವಾ ಬೂದು ಬಣ್ಣದ ಗಡಸು ಪೈಪು. ತಣ್ಣೀರಿಗೆ ಮಾತ್ರ. ಹೆಸರಿನ ಮೊದಲಲ್ಲಿರುವ ‘ಯು’ ಎಂದರೆ ಮೆದು ಮಾಡುವ ರಾಸಾಯನಿಕ ಬೆರೆಸಿಲ್ಲ ಎಂದರ್ಥ. ಹೀಗೆ ಮೆದು ಮಾಡುವ ಥ್ಯಾಲೇಟ್ ಎಂಬ ರಾಸಾಯನಿಕದ ಬಗ್ಗೆ ಓದಿ ಹೆದರುವವರು ಗಮನಿಸಬೇಕಾದ್ದು ಇದು: ಥ್ಯಾಲೇಟ್ ಸೇರಿಸುವುದು ಬಳುಕುವ ಪಿವಿಸಿಗೆ, ಉದಾಹರಣೆಗೆ ತೋಟದ ಹೋಸ್‌ಪೈಪಿಗೆ. ಹಾಗಾಗಿ ಸಾಮಾನ್ಯ ಹೋಸ್‌ಪೈಪಿನಿಂದ ಕುಡಿಯುವ ನೀರು ಹಿಡಿಯಬಾರದು.

ಸಿಪಿವಿಸಿ: ಸಾಮಾನ್ಯವಾಗಿ ತಿಳಿ ಹಳದಿ ಅಥವಾ ಕೆನೆ ಬಣ್ಣ. ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಕೂಡಿಸಿ ಬಿಸಿ ತಾಳುವಂತೆ ಮಾಡಿದ್ದು. ಬಿಸಿನೀರು, ತಣ್ಣೀರು ಎರಡಕ್ಕೂ ಆಗುತ್ತದೆ.

ಪಿಪಿಆರ್: ಹಸಿರು, ಬಿಳಿ ಅಥವಾ ಬೂದು, ದಪ್ಪ ಗೋಡೆ. ಅಂಟು ಹಿಡಿಯುವುದಿಲ್ಲ. ಬಿಸಿ ಮಾಡಿ ಬೆಸೆಯಬೇಕು.

ಪೆಕ್ಸ್: ಸುರುಳಿಯಲ್ಲಿ ಬರುವ ಬಾಗುವ ಪೈಪು. ಅಡ್ಡಕೊಂಡಿ ಹಾಕಿದ ಪಾಲಿಎಥಿಲೀನ್. ಲೋಹದ ಉಂಗುರ ಅಥವಾ ತೋಳಿನಿಂದ ಬಿಗಿಯುತ್ತಾರೆ.

ಎಚ್‌ಡಿಪಿಇ: ಕಪ್ಪು ಪೈಪು, ಹಲವೆಡೆ ನೀಲಿ ಗೆರೆ ಇರುತ್ತದೆ. ನೆಲದಡಿಯಿಂದ ಮನೆಯವರೆಗಿನ ತಣ್ಣೀರಿನ ಲೈನಿಗೆ ಒಳ್ಳೆಯದು.

ಬಣ್ಣ ನೋಡಿ ತೀರ್ಮಾನಿಸುವುದು ಮಾತ್ರ ಅಪಾಯ. ಬಣ್ಣ ತಯಾರಕರ ಇಷ್ಟ. ಬರಹ ಅಳಿಸಿಹೋದ ಹಳೆಯ ಪೈಪಾದರೆ ಬೆರಳಗಲದ ತುಂಡು ಕತ್ತರಿಸಿ ನೀರಿನ ಬಟ್ಟಲಿಗೆ ಹಾಕಿ, ಗಾಳಿಗುಳ್ಳೆ ಹೋಗುವಂತೆ ಅಲ್ಲಾಡಿಸಿ. ಪಿಪಿಆರ್, ಪೆಕ್ಸ್, ಎಚ್‌ಡಿಪಿಇ ತೇಲುತ್ತವೆ, ಅವುಗಳ ಸಾಂದ್ರತೆ ನೀರಿಗಿಂತ ಕಡಿಮೆ. ಪಿವಿಸಿ, ಸಿಪಿವಿಸಿ ಕಲ್ಲಿನಂತೆ ಮುಳುಗುತ್ತವೆ, ಅವುಗಳ ಸಾಂದ್ರತೆ ನೀರಿನ ಒಂದೂವರೆ ಪಟ್ಟಿನ ಆಸುಪಾಸು. ಮುಳುಗಿದ್ದಕ್ಕೆ ಅಂಟು ಹಚ್ಚಬಹುದು, ತೇಲಿದ್ದಕ್ಕೆ ಹಚ್ಚುವಂತಿಲ್ಲ. ರಿಪೇರಿಗೆ ಇಳಿಯುವ ಮೊದಲು ಇಷ್ಟು ಗೊತ್ತಾದರೂ ಅರ್ಧ ತಪ್ಪು ತಪ್ಪುತ್ತದೆ.

ತೇಲುವ ಬೂದು ಬಣ್ಣದ ಪೈಪು ಹಳೆಯ ಮನೆಯಲ್ಲಿ ಸಿಕ್ಕರೆ ಅದು ಪಾಲಿಬ್ಯುಟಿಲೀನ್ ಆಗಿರಬಹುದು. 1970ರ ದಶಕದ ಕೊನೆಯಿಂದ 1990ರ ದಶಕದ ಮಧ್ಯದವರೆಗೆ ಅಮೆರಿಕದಲ್ಲಿ ಇದನ್ನು ಹೇರಳವಾಗಿ ಬಳಸಿದರು. ನೀರಿನಲ್ಲಿರುವ ಕ್ಲೋರಿನ್‌ನಿಂದ ಪೈಪೂ ಪ್ಲಾಸ್ಟಿಕ್ ಫಿಟ್ಟಿಂಗೂ ಒಳಗಿಂದಲೇ ಬಿರಿದು ಸೋರತೊಡಗಿ, ದೊಡ್ಡ ಮೊಕದ್ದಮೆಗಳೇ ನಡೆದವು. ಇದನ್ನು ಅಲ್ಲಲ್ಲಿ ತೇಪೆ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ, ಪೂರ್ತಿ ಬದಲಿಸಿ.

ಹಂತ 2: ಪೈಪಿನ ಮೇಲಿನ ಬರಹ ಓದುವುದು

ಒಳ್ಳೆಯ ಪೈಪಿನ ಉದ್ದಕ್ಕೂ ಒಂದು ಸಾಲು ಮುದ್ರಿಸಿರುತ್ತಾರೆ. ಅದರಲ್ಲಿ ತಯಾರಕರ ಹೆಸರು, ವಸ್ತು, ಅಳತೆ, ಎಸ್‌ಡಿಆರ್ ಅಥವಾ ಶೆಡ್ಯೂಲ್ ಅಥವಾ ಪಿಎನ್ ವರ್ಗ (ಗೋಡೆಯ ದಪ್ಪ ಅಥವಾ ತಾಳುವ ಒತ್ತಡದ ಗುರುತು), ಮಾನಕದ ಸಂಖ್ಯೆ, ತಯಾರಾದ ದಿನ ಅಥವಾ ಬ್ಯಾಚ್ ಇರಬೇಕು. ಪಿವಿಸಿ-ಯುಗೆ ಐಎಸ್‌ಒ 1452, ಪಾಲಿಎಥಿಲೀನಿಗೆ ಐಎಸ್‌ಒ 4427, ಬಿಸಿ-ತಣ್ಣೀರಿನ ಪಾಲಿಪ್ರೊಪಿಲೀನಿಗೆ ಐಎಸ್‌ಒ 15874, ಪೆಕ್ಸ್‌ಗೆ ಐಎಸ್‌ಒ 15875, ಸಿಪಿವಿಸಿಗೆ ಐಎಸ್‌ಒ 15877 ಅಥವಾ ಎಎಸ್‌ಟಿಎಂ ಡಿ2846 ಎಂದು ಕಾಣಬಹುದು. ಆಯಾ ದೇಶದ ಮಾನಕದ ಗುರುತೂ ಜೊತೆಗಿರಬಹುದು.

ಈ ಸಂಖ್ಯೆಗಳಲ್ಲಿ ಹೆಚ್ಚಿನವು ಹೇಳುವುದು ಪೈಪಿನ ಬಲದ ಮಾತು. ನೀರಿಗೆ ಏನು ಬಿಡುತ್ತದೆ ಎಂಬುದಕ್ಕೆ ಬೇರೆ ಪರೀಕ್ಷೆ ಇದೆ. ಎನ್‌ಎಸ್‌ಎಫ್ 61 ಎಂಬ ಮಾನಕದಡಿ ಪೈಪನ್ನು ನೀರಿನಲ್ಲಿ ನೆನೆಸಿಟ್ಟು, ಆ ನೀರಿಗೆ ಏನೇನು ಇಳಿದಿದೆ ಎಂದು ಅಳೆಯುತ್ತಾರೆ. ಪೈಪಿನ ಮೇಲೆ ‘ಎನ್‌ಎಸ್‌ಎಫ್-ಪಿಡಬ್ಲ್ಯು’ ಎಂದಿದ್ದರೆ ಕುಡಿಯುವ ನೀರಿಗೆ ಆದೀತು. ‘ಡಿಡಬ್ಲ್ಯುವಿ’ ಎಂದಷ್ಟೇ ಇದ್ದರೆ ಅದು ಬಚ್ಚಲು, ಶೌಚಾಲಯದ ಹೊರಹರಿವಿನದು. ಒತ್ತಡ ತಾಳುವುದಕ್ಕೂ ಅಲ್ಲ, ಕುಡಿಯುವುದಕ್ಕೂ ಅಲ್ಲ. ಎರಡೂ ಬಿಳಿಯಾಗಿಯೇ ಇರಬಹುದು, ಅಳತೆಯೂ ಒಂದೇ ಇರಬಹುದು. ಫಿಟ್ಟಿಂಗುಗಳ ಮೇಲೂ ಗುರುತು ನೋಡಿ. ಪೈಪು ಒಳ್ಳೆಯದು ತಂದು ಎಲ್ಬೋ, ಟೀಗಳನ್ನು ಯಾವುದೋ ಚೀಲದಿಂದ ಆರಿಸಿಕೊಂಡು ಬಂದರೆ ಮೊದಲು ಕೈಕೊಡುವುದು ಅವೇ.

ಎಸ್‌ಡಿಆರ್ ಎಂದರೆ ಪೈಪಿನ ಹೊರ ವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಗೋಡೆ ದಪ್ಪ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಹೊರ ವ್ಯಾಸ 22.2 ಮಿ.ಮೀ. ಅದರ ಮೇಲೆ ಎಸ್‌ಡಿಆರ್ 11 ಎಂದು ಬರೆದಿದ್ದರೆ ಗೋಡೆ ಕನಿಷ್ಠ 2 ಮಿ.ಮೀ. ಇರಲೇಬೇಕು. ವರ್ನಿಯರ್ ಕ್ಯಾಲಿಪರ್ ಹಿಡಿದು ಪೈಪಿನ ತುದಿಯನ್ನು ನಾಲ್ಕು ಕಡೆ ಅಳೆಯಿರಿ. ಎಲ್ಲೋ ಒಂದು ಕಡೆ 1.6 ಬಂದರೆ ಆ ಕಟ್ಟನ್ನೇ ವಾಪಸ್ ಕೊಡಿ. ನಕಲಿ ಮಾಲಿನಲ್ಲಿ ಬರಹ ಸರಿಯಾಗಿಯೇ ಇರುತ್ತದೆ, ಗೋಡೆ ಸುಳ್ಳು ಹೇಳುವುದಿಲ್ಲ.

ಸೀಸದ ವಿಚಾರ ಇಲ್ಲಿಯೇ ಹೇಳಬೇಕು. ಪಿವಿಸಿಯನ್ನು ಕರಗಿಸಿ ಎಳೆಯುವಾಗ ಅದು ಸುಟ್ಟು ಕೆಡದಂತೆ ಸ್ಟೆಬಿಲೈಸರ್ ಬೆರೆಸುತ್ತಾರೆ. ಹಿಂದೆ ಸೀಸದ ಲವಣಗಳೇ ಇದಕ್ಕೆ ಬಳಕೆಯಲ್ಲಿದ್ದವು. ಈಗ ಕ್ಯಾಲ್ಸಿಯಂ-ಸತು ಅಥವಾ ತವರದ ಸಂಯುಕ್ತಗಳು ಬಂದಿವೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಪಿವಿಸಿಯಲ್ಲಿ ಸೀಸ ಶೇ. 0.1 ಮೀರಬಾರದೆಂದು ನಿಯಮ ಮಾಡಿತು. ಪೈಪಿನ ಮೇಲೋ ತಯಾರಕರ ಪತ್ರದಲ್ಲೋ ‘ಸೀಸರಹಿತ’ ಎಂಬ ಸ್ಪಷ್ಟ ಹೇಳಿಕೆ ಇದೆಯೇ ನೋಡಿಕೊಳ್ಳಿ. ‘ಪರಿಸರಸ್ನೇಹಿ’ ಎಂಬ ಹಸಿರು ಎಲೆಯ ಚಿತ್ರ ಯಾವುದಕ್ಕೂ ಪ್ರಮಾಣವಲ್ಲ.

ಹಂತ 3: ಬಿಸಿ ಮತ್ತು ಒತ್ತಡದ ಲೆಕ್ಕ

ಪ್ಲಾಸ್ಟಿಕ್ ಪೈಪಿನ ಬಲ ಬಿಸಿಯೊಂದಿಗೆ ಇಳಿಯುತ್ತದೆ. ಪೈಪಿನ ಮೇಲೆ ಮುದ್ರಿಸಿದ ಒತ್ತಡ ಸಾಮಾನ್ಯವಾಗಿ 20ರಿಂದ 23 ಡಿಗ್ರಿ ಸೆಲ್ಸಿಯಸ್ ನೀರಿನದು. ಯುಪಿವಿಸಿ ಪೈಪು 43 ಡಿಗ್ರಿಯಲ್ಲಿ ತನ್ನ ಬಲದ ಅರ್ಧದಷ್ಟನ್ನೇ ಉಳಿಸಿಕೊಳ್ಳುತ್ತದೆ, 60 ಡಿಗ್ರಿಯಲ್ಲಿ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅದರಾಚೆ ಅದಕ್ಕೆ ಕೆಲಸವಿಲ್ಲ. ಬಿಸಿಲಿಗೆ ಒಡ್ಡಿದ ಪೈಪಿನಲ್ಲಿ ನಿಂತ ‘ತಣ್ಣೀರು’ ಕೂಡ 40 ಡಿಗ್ರಿ ದಾಟಬಲ್ಲದು ಎಂಬುದನ್ನು ಮರೆಯಬಾರದು.

ಎಸ್‌ಡಿಆರ್ 11ರ ಸಿಪಿವಿಸಿ 23 ಡಿಗ್ರಿಯಲ್ಲಿ ಸುಮಾರು 27 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ತಾಳಿದರೆ 82 ಡಿಗ್ರಿಯಲ್ಲಿ ಸುಮಾರು 7 ಬಾರ್. ಪೆಕ್ಸ್ ಕೂಡ 82 ಡಿಗ್ರಿಯಲ್ಲಿ ಇಷ್ಟೇ ತಾಳುತ್ತದೆ, 93 ಡಿಗ್ರಿಯಲ್ಲಿ ಸುಮಾರು 5.5 ಬಾರ್. ಪಿಪಿಆರ್‌ನ ಎರಡನೇ ವರ್ಗವನ್ನು (ಬಿಸಿನೀರು ಪೂರೈಕೆಗೆಂದು ಗೊತ್ತುಮಾಡಿದ್ದು) 50 ವರ್ಷದ ಆಯಸ್ಸಿಗೆ ಲೆಕ್ಕ ಹಾಕುವುದು ಹೀಗೆ: 49 ವರ್ಷ 70 ಡಿಗ್ರಿಯಲ್ಲಿ, 1 ವರ್ಷ 80 ಡಿಗ್ರಿಯಲ್ಲಿ, 95 ಡಿಗ್ರಿಯಲ್ಲಿ ಬರೀ 100 ಗಂಟೆ. ‘95 ಡಿಗ್ರಿ ತಾಳುತ್ತದೆ’ ಎಂಬ ಜಾಹೀರಾತು ಸುಳ್ಳಲ್ಲ, ಆದರೆ ಎಷ್ಟು ಹೊತ್ತು ಎಂಬುದನ್ನು ಅದು ಹೇಳುವುದಿಲ್ಲ.

ಮನೆಯ ಒತ್ತಡ ಎಷ್ಟಿದೆ? 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್. ತಾರಸಿಯ ಟ್ಯಾಂಕು ಮೇಲಿನ ಮಹಡಿಯ ನಲ್ಲಿಗೆ ಅರ್ಧ ಬಾರ್ ಕೊಟ್ಟರೂ ಹೆಚ್ಚು. ಪ್ರೆಶರ್ ಪಂಪು ಹಾಕಿದರೆ 2ರಿಂದ 4 ಬಾರ್. ಲೆಕ್ಕಕ್ಕೆ ಇದು ಪೈಪಿನ ಶಕ್ತಿಗಿಂತ ಬಹಳ ಕಡಿಮೆ. ಪೆಟ್ಟು ಬೀಳುವುದು ನಲ್ಲಿಯನ್ನೋ ವಾಷಿಂಗ್ ಮಷೀನಿನ ವಾಲ್ವನ್ನೋ ಥಟ್ಟನೆ ಮುಚ್ಚಿದಾಗ. ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತು, ಆ ಕ್ಷಣದ ಒತ್ತಡ ಹಲವು ಪಟ್ಟು ಏರುತ್ತದೆ. ಗೋಡೆಯೊಳಗೆ ‘ಧಡ್’ ಎಂದು ಸದ್ದಾದರೆ ಪೈಪನ್ನು ಇನ್ನಷ್ಟು ಕ್ಲಾಂಪಿನಿಂದ ಹಿಡಿಸಿ, ಆ ವಾಲ್ವಿನ ಹತ್ತಿರವೇ ಈ ಪೆಟ್ಟನ್ನು ಹೀರಿಕೊಳ್ಳುವ ವಾಟರ್ ಹ್ಯಾಮರ್ ಅರೆಸ್ಟರ್ ಹಾಕಿಸಿ.

ಗೀಸರ್ ಹತ್ತಿರದ ನಿಯಮಗಳಲ್ಲಿ ರಿಯಾಯಿತಿ ಇಲ್ಲ. ಪೆಕ್ಸ್ ಪೈಪನ್ನು ಗೀಸರಿಗೆ ನೇರ ಕಟ್ಟದೆ ಮೊದಲ 45 ಸೆಂ.ಮೀ. ಲೋಹದ ಪೈಪು ಅಥವಾ ಲೋಹದ ಹೆಣಿಗೆಯ ಕನೆಕ್ಷನ್ ಹಾಕಿ. ಗ್ಯಾಸ್ ಗೀಸರಿನ ಹೊಗೆಕೊಳವೆಯಿಂದ ಸಿಪಿವಿಸಿ ಕನಿಷ್ಠ 15 ಸೆಂ.ಮೀ. ದೂರವಿರಲಿ. ಸೋಲಾರ್ ಹೀಟರಿನ ನೀರು ಬೇಸಿಗೆಯಲ್ಲಿ ಬಳಕೆಯಿಲ್ಲದೆ ನಿಂತರೆ ಮೇಲಿನ ಎಲ್ಲ ಮಿತಿಗಳನ್ನೂ ದಾಟಬಲ್ಲದು. ಅಲ್ಲಿ ಟ್ಯಾಂಕಿನಿಂದ ಮಿಕ್ಸಿಂಗ್ ವಾಲ್ವಿನವರೆಗೆ ಲೋಹವೇ ಇರಲಿ, ಪ್ಲಾಸ್ಟಿಕ್ ಆಮೇಲೆ ಶುರುವಾಗಲಿ. ಗೀಸರಿನ ಸೇಫ್ಟಿ ವಾಲ್ವಿನಿಂದ ಹೊರಡುವ ಪೈಪಿಗೆ ಯುಪಿವಿಸಿ ಹಾಕಲೇಬೇಡಿ. ಆ ವಾಲ್ವು ತೆರೆಯುವಾಗ ನೀರು ಕುದಿಯ ಹತ್ತಿರ ಇರಬಹುದು. ಆ ಪೈಪಿನ ತುದಿಗೆ ಬಿರಡೆಯಾಗಲಿ, ದಾರಿಯಲ್ಲಿ ವಾಲ್ವಾಗಲಿ ಇರಕೂಡದು.

ಹಂತ 4: ದಾರಿ ಗುರುತಿಸುವುದು

ಬಿಸಿಲಿಗೆ ಬೀಳುವ ಯುಪಿವಿಸಿ, ಸಿಪಿವಿಸಿ ಮೇಲ್ಮೈ ಕ್ರಮೇಣ ಪೆಡಸಾಗಿ, ಬಣ್ಣ ಕಂದಿ, ಪೆಟ್ಟು ತಾಳುವ ಗುಣ ಕಳೆದುಕೊಳ್ಳುತ್ತದೆ. ಹೊರಗೋಡೆಯಲ್ಲಿ ಹೋಗಲೇಬೇಕಿದ್ದರೆ ನೀರಿನಲ್ಲಿ ಕಲೆಸುವ ತಿಳಿ ಬಣ್ಣದ ಅಕ್ರಿಲಿಕ್ ಪೇಂಟ್ ಎರಡು ಕೋಟು ಹೊಡೆಯಿರಿ. ಆಯಿಲ್ ಪೇಂಟ್ ಬೇಡ, ಅದರ ದ್ರಾವಕ ಪೈಪನ್ನೇ ತಿನ್ನುತ್ತದೆ. ಪೆಕ್ಸ್ ಬಿಸಿಲಿಗೆ ಇನ್ನೂ ನಾಜೂಕು. ಅದರಲ್ಲಿರುವ ರಕ್ಷಕ ಅಂಶ ಬಿಸಿಲಿಗೆ ಕರಗಿದರೆ, ಮುಂದೆ ನೀರಿನ ಕ್ಲೋರಿನ್ ಒಳಗಿಂದ ಬಿರುಕು ಹುಟ್ಟಿಸುತ್ತದೆ. ಕೆಲಸ ನಡೆಯುವ ಜಾಗದಲ್ಲಿ ಸುರುಳಿಯನ್ನು ತಿಂಗಳುಗಟ್ಟಲೆ ಬಯಲಲ್ಲಿ ಬಿಡಬಾರದು. ಬೆಳಕು ಹಾಯುವ ಪೈಪು ಯಾವುದೇ ಆಗಲಿ, ಹೊರಗಿದ್ದರೆ ಒಳಗೆ ಪಾಚಿ ಕಟ್ಟುತ್ತದೆ.

ನೆಲದಡಿ ಪೈಪು ಹೋಗುವ ಕಡೆ ಪೆಟ್ರೋಲ್, ಡೀಸೆಲ್, ಥಿನ್ನರ್, ಕೀಟನಾಶಕ ಚೆಲ್ಲಿದ ಮಣ್ಣಿದ್ದರೆ ಪಾಲಿಎಥಿಲೀನ್ ಪೈಪು ಹಾಕಬಾರದು. ಪೈಪು ತೂತಾಗದೆಯೇ, ಸೋರದೆಯೇ, ಬೆಂಜೀನ್‌ನಂಥ ಅಣುಗಳು ಅದರ ಗೋಡೆಯ ಮೂಲಕ ನುಸುಳಿ ನೀರು ಸೇರುತ್ತವೆ. ಅಲ್ಲಿ ಅಲ್ಯೂಮಿನಿಯಂ ಪದರವಿರುವ ತಡೆಪೈಪು ಅಥವಾ ಲೋಹ ಬೇಕು. ವಾಹನ ನಿಲ್ಲಿಸುವ ಜಾಗದಡಿ ಹಾಯುವ ಲೈನಿಗೂ ಇದೇ ಮಾತು.

ಸಿಪಿವಿಸಿಗೆ ಇನ್ನೊಂದು ಶತ್ರುಕೂಟವಿದೆ. ಅಡುಗೆ ಎಣ್ಣೆ, ಯಂತ್ರದ ಎಣ್ಣೆ, ಕೆಲವು ಗೆದ್ದಲು ಔಷಧಿ, ಕೆಲವು ಫೋಮ್ ಮತ್ತು ಸೀಲಂಟುಗಳು, ವಿದ್ಯುತ್ ತಂತಿಯ ಮೆದು ಪಿವಿಸಿ ಹೊದಿಕೆ, ಕೆಲವು ರಬ್ಬರ್ ಪ್ಯಾಡುಗಳು. ಇವು ಪೈಪಿಗೆ ತಾಗಿಕೊಂಡಿದ್ದರೆ ಅವುಗಳಲ್ಲಿನ ಎಣ್ಣೆಯಂಶ ಪೈಪಿಗೆ ಇಳಿದು, ಎಲ್ಲಿ ಎಳೆತವಿದೆಯೋ ಅಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಲೈನಿಗೆ ಹೊಸ ಸಿಪಿವಿಸಿ ಸೇರಿಸುವಾಗ, ಜಿಐ ಪೈಪಿಗೆ ಮರೆ (ಸ್ಕ್ರೂವಿನಂಥ ಸುತ್ತುಗೆರೆ) ಕೊರೆದಾಗ ಹಾಕಿದ ಎಣ್ಣೆ ಒಳಗೆ ಉಳಿದಿದ್ದರೂ ಸಾಕು, ನೀರಿನೊಂದಿಗೆ ಹರಿದು ಬಂದು ಇದೇ ಕೆಲಸ ಮಾಡುತ್ತದೆ. ಜಿಐ ಭಾಗವನ್ನು ಸೋಪಿನ ನೀರಿನಿಂದ ತೊಳೆದು, ಒಳ್ಳೆಯ ನೀರು ಹಾಯಿಸಿ ಆಮೇಲೆ ಜೋಡಿಸಿ.

ಹಿಗ್ಗುವಿಕೆಗೂ ಜಾಗ ಬಿಡಬೇಕು. 10 ಮೀಟರ್ ಉದ್ದದ ಸಿಪಿವಿಸಿ ಬಿಸಿನೀರಿನ ಲೈನು 40 ಡಿಗ್ರಿ ಬಿಸಿ ಏರಿದಾಗ ಸುಮಾರು 24 ಮಿ.ಮೀ. ಉದ್ದವಾಗುತ್ತದೆ. ಒಳಗೆ ಬೇರೆ ವಸ್ತುವಿನ ಪದರವಿಲ್ಲದ ಪಿಪಿಆರ್ ಆದರೆ ಸುಮಾರು 60 ಮಿ.ಮೀ. ಎರಡೂ ತುದಿಯನ್ನು ಗಾರೆಯಲ್ಲಿ ಬಿಗಿದರೆ ಆ ಬಲವೆಲ್ಲ ಎಲ್ಬೋ ಮೇಲೆ ಬೀಳುತ್ತದೆ. ಉದ್ದದ ಲೈನಿನಲ್ಲಿ ‘ಯು’ ಆಕಾರದ ತಿರುವು ಕೊಡಿ, ಪೈಪು ಜಾರಬಲ್ಲ ಸಡಿಲ ಕ್ಲಾಂಪು ಬಳಸಿ. ಅಡ್ಡ ಹೋಗುವ 1 ಇಂಚಿನವರೆಗಿನ ಸಿಪಿವಿಸಿಗೆ 90 ಸೆಂ.ಮೀ.ಗೊಂದು, ಪೆಕ್ಸ್‌ಗೆ 80 ಸೆಂ.ಮೀ.ಗೊಂದು ಆಸರೆ ಬೇಕು.

ಹಂತ 5: ಕತ್ತರಿಸಿ ಅಂಟಿಸುವುದು

ಯುಪಿವಿಸಿಗೆ ಯುಪಿವಿಸಿ ಸಿಮೆಂಟ್, ಸಿಪಿವಿಸಿಗೆ ಸಿಪಿವಿಸಿ ಸಿಮೆಂಟ್. ಒಂದರ ಡಬ್ಬಿ ಮುಗಿದಿದೆಯೆಂದು ಇನ್ನೊಂದನ್ನು ಬಳಸಿದರೆ ತಣ್ಣೀರಿನಲ್ಲಿ ಹಿಡಿದು ನಿಂತಂತೆ ಕಂಡ ಜಾಯಿಂಟು ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಸಾಲ್ವೆಂಟ್ ಸಿಮೆಂಟ್ ಗೋಂದಲ್ಲ. ಅದು ಎರಡೂ ಮೇಲ್ಮೈಗಳನ್ನು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ, ಆಮೇಲೆ ದ್ರಾವಕ ಆವಿಯಾಗಿ ಹೋಗಬೇಕು. ಹೋಗದಿದ್ದರೆ ಅದು ಸೇರುವುದು ನಿಮ್ಮ ನೀರಿಗೆ.

ಕೆಲಸದ ಕ್ರಮ:

1. ಪೈಪು ಕಟ್ಟರಿನಿಂದ ನೇರವಾಗಿ ಕತ್ತರಿಸಿ. ಓರೆ ಕಟ್ಟಾದರೆ ಅಂಟು ಹಿಡಿಯುವ ಜಾಗವೇ ಕಡಿಮೆಯಾಗುತ್ತದೆ. ಪೈಪು ಚಳಿಗೆ ಪೆಡಸಾಗಿದ್ದರೆ ಅಥವಾ ಹಳೆಯದಾದರೆ ಕತ್ತರಿಯಂಥ ಕಟ್ಟರ್ ಸೀಳು ಬಿಡಬಹುದು. ಆಗ ಸಣ್ಣ ಹಲ್ಲಿನ ಹ್ಯಾಕ್ಸಾ ಲೇಸು.

2. ಒಳ-ಹೊರ ಅಂಚಿನ ಸಿಬಿರನ್ನು ಕೆರೆದು ತೆಗೆಯಿರಿ, ಹೊರ ಅಂಚನ್ನು ಸ್ವಲ್ಪ ಇಳಿಜಾರು ಮಾಡಿ. ಚೂಪು ಅಂಚು ಸಾಕೆಟ್ಟಿನೊಳಗಿನ (ಪೈಪು ಕೂರುವ ಫಿಟ್ಟಿಂಗಿನ ಬಾಯಿಯೊಳಗಿನ) ಅಂಟನ್ನೆಲ್ಲ ತಳ್ಳಿಕೊಂಡು ಹೋಗುತ್ತದೆ. ಪುಡಿಯನ್ನು ಪೈಪಿನೊಳಕ್ಕೆ ಬೀಳಿಸಬೇಡಿ, ಕೊಡವಿ ಹೊರತೆಗೆಯಿರಿ.

3. ಒಣಗಿದ್ದಾಗಲೇ ಕೂರಿಸಿ ನೋಡಿ. ಸಾಕೆಟ್ಟಿನ ಆಳದ ಮೂರನೇ ಒಂದರಿಂದ ಮೂರನೇ ಎರಡರವರೆಗೆ ಹೋಗಿ ಬಿಗಿಯಬೇಕು. ಅಡಿ ಮುಟ್ಟುವವರೆಗೂ ಲೊಡಲೊಡ ಹೋದರೆ ಆ ಫಿಟ್ಟಿಂಗ್ ಬೇಡ. ಆಳ ಅಳೆದು ಪೈಪಿನ ಮೇಲೆ ಪೆನ್ನಿನಿಂದ ಗೆರೆ ಹಾಕಿ. ಮುಕ್ಕಾಲು ಇಂಚಿಗೆ ಇದು ಸುಮಾರು 18 ಮಿ.ಮೀ.

4. ಒದ್ದೆ, ಧೂಳು ಒರೆಸಿ. ಡಬ್ಬಿಯ ಮೇಲೆ ಪ್ರೈಮರ್ (ಅಂಟಿಗೆ ಮೊದಲು ಹಚ್ಚುವ ದ್ರವ) ಬೇಕೆಂದಿದ್ದರೆ ಬಿಡದೆ ಹಚ್ಚಿ.

5. ಪೈಪಿಗೆ ಧಾರಾಳ ಒಂದು ಕೋಟು, ಸಾಕೆಟ್ಟಿನ ಒಳಗೆ ತೆಳುವಾಗಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಸಾಕೆಟ್ಟಿಗೆ ಸುರಿದ ಅಂಟು ಪೈಪು ಒಳಹೋದಾಗ ಮುಂದಕ್ಕೆ ತಳ್ಳಲ್ಪಟ್ಟು ಒಳಗೆ ಹೊಂಡ ಕಟ್ಟುತ್ತದೆ. ಆ ಹೊಂಡ ವಾರಗಟ್ಟಲೆ ಒಣಗದೆ ಗೋಡೆಯನ್ನು ಮೆತ್ತಗೆ ಮಾಡುತ್ತದೆ, ನೀರಿಗೆ ವಾಸನೆ ಬಿಡುತ್ತದೆ, ಕೊನೆಗೆ ಅಲ್ಲಿಯೇ ಪೈಪು ಒಡೆಯುತ್ತದೆ.

6. ಅಂಟು ಹಸಿಯಿರುವಾಗಲೇ ಕಾಲು ಸುತ್ತು ತಿರುಗಿಸುತ್ತ ಗೆರೆಯವರೆಗೆ ಒತ್ತಿ, ಅಲುಗಾಡಿಸದೆ 30 ಸೆಕೆಂಡ್ ಹಿಡಿಯಿರಿ. ಬಿಟ್ಟರೆ ಪೈಪು ತಾನೇ ಹಿಂದಕ್ಕೆ ಜಾರುತ್ತದೆ.

7. ಬಾಯಿಯ ಸುತ್ತ ಅಂಟಿನ ಸಣ್ಣ ಏರಿ ಎಡೆಬಿಡದೆ ಕಾಣಬೇಕು. ಒಂದು ಕಡೆ ಇಲ್ಲವೆಂದರೆ ಅಲ್ಲಿ ಅಂಟು ಸಾಲದು. ಆ ಜಾಯಿಂಟನ್ನು ಕತ್ತರಿಸಿ ಹೊಸದು ಮಾಡಿ, ಮೇಲಿಂದ ಅಂಟು ಮೆತ್ತುವುದರಿಂದ ಏನೂ ಆಗದು. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ.

8. ಡಬ್ಬಿಯ ಮೇಲಿನ ಅವಧಿ ಪಾಲಿಸಿ. ಅವಸರವಿಲ್ಲದಿದ್ದರೆ 24 ಗಂಟೆ ಬಿಡಿ, ಚಳಿಯಲ್ಲಿ ಇನ್ನೂ ಹೆಚ್ಚು.

ಸಿಮೆಂಟಿನ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ, ಸಂಪಿನೊಳಗೆ ಮಡುಗಟ್ಟುತ್ತದೆ. ಕಿಟಕಿ ತೆರೆದಿರಲಿ. ಬೀಡಿ, ಗ್ಯಾಸ್ ಒಲೆ, ವೆಲ್ಡಿಂಗ್ ಹತ್ತಿರ ಇರಕೂಡದು. ಗಟ್ಟಿಯಾಗಿ ಜೆಲ್ಲಿಯಂತಾದ ಸಿಮೆಂಟಿಗೆ ಥಿನ್ನರ್ ಬೆರೆಸಿ ಬಳಸುವವರಿದ್ದಾರೆ, ಅದನ್ನು ಎಸೆಯುವುದೇ ಸರಿ.

ಕಪ್ಲರ್ ಉಳಿಸಲು ಪೈಪಿನ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಅಗಲಿಸಿ, ಇನ್ನೊಂದನ್ನು ಅದರೊಳಗೆ ತುರುಕುವ ಅಭ್ಯಾಸ ಬಹಳ ಹಳೆಯದು. ಅಗಲಿಸಿದ ಕಡೆ ಗೋಡೆ ತೆಳ್ಳಗಾಗುತ್ತದೆ. ಸುಟ್ಟ ಪಿವಿಸಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ, ಕಂದು ಬಣ್ಣಕ್ಕೆ ತಿರುಗಿದ ಭಾಗ ಪೆಡಸಾಗಿರುತ್ತದೆ. ಒತ್ತಡದ ಲೈನಿನಲ್ಲಿ ಇದನ್ನು ಒಪ್ಪಿಕೊಳ್ಳಬೇಡಿ.

ಪಿಪಿಆರ್ ಬೆಸುಗೆಯ ಯಂತ್ರ 260 ಡಿಗ್ರಿಯಲ್ಲಿರಬೇಕು. ಕಾಯಿಸುವ ಹೊತ್ತು 20 ಮಿ.ಮೀ. ಪೈಪಿಗೆ 5 ಸೆಕೆಂಡ್, 25ಕ್ಕೆ 7, 32ಕ್ಕೆ 8. ತೆಗೆದ ತಕ್ಷಣ ನೇರವಾಗಿ ಒತ್ತಬೇಕು, ತಿರುಚುವಂತಿಲ್ಲ. ಇನ್ನೂ ಗಟ್ಟಿಯಾಗಲಿ ಎಂದು ಹೆಚ್ಚು ಕಾಯಿಸಿದರೆ ಕರಗಿದ್ದು ಒಳಗೆ ಮಡಚಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ಪೆಕ್ಸ್ ತಾಮ್ರದುಂಗುರದ ಜಾಯಿಂಟಿನಲ್ಲಿ ಉಂಗುರ ಪೈಪಿನ ತುದಿಯಿಂದ 3ರಿಂದ 6 ಮಿ.ಮೀ. ಹಿಂದಿರಬೇಕು. ಬಿಗಿದ ಮೇಲೆ ಪ್ರತಿಯೊಂದನ್ನೂ ಗೇಜಿನಿಂದ ಪರೀಕ್ಷಿಸಬೇಕು. ಕಣ್ಣಳತೆ ಇಲ್ಲಿ ನಡೆಯದು.

ಹಂತ 6: ಲೋಹ ಸೇರುವ ಕಡೆ

ಪ್ಲಾಸ್ಟಿಕ್ಕಿನ ಒಳಮರೆಗೆ ಹಿತ್ತಾಳೆ ಅಥವಾ ಜಿಐ ಹೊರಮರೆಯನ್ನು ಪಾನಾ ಹಾಕಿ ತಿರುಗಿಸುವುದು ಬೆಣೆ ಬಡಿದಂತೆ. ಅಂದು ಸೋರದಿದ್ದರೂ ಮುಂದೊಂದು ದಿನ ಉದ್ದಕ್ಕೆ ಸೀಳುತ್ತದೆ. ನಲ್ಲಿ ಬರುವ ಕಡೆಗೆಲ್ಲ ಹಿತ್ತಾಳೆ ಒಳಸೇರಿಸಿದ ಫಿಟ್ಟಿಂಗ್ ಹಾಕಿ. ಮರೆಗೆ ಸುತ್ತಲು ಟೆಫ್ಲಾನ್ ಟೇಪು ಸಾಕು. ಕೈಯಲ್ಲಿ ಬಿಗಿದ ಮೇಲೆ ಒಂದೋ ಎರಡೋ ಸುತ್ತು, ಅಷ್ಟೇ. ಹಿತ್ತಾಳೆಯಲ್ಲೂ ಸೀಸ ಇರುತ್ತದೆಂಬುದನ್ನು ಮರೆಯಬೇಡಿ. ನೀರು ತಾಗುವ ಭಾಗದಲ್ಲಿ ಸರಾಸರಿ ಶೇ. 0.25ಕ್ಕಿಂತ ಕಡಿಮೆ ಸೀಸವಿರುವುದು ‘ಸೀಸರಹಿತ’ ಎನಿಸಿಕೊಳ್ಳುತ್ತದೆ.

ಲೋಹದ ಪೈಪು ತೆಗೆದು ಪ್ಲಾಸ್ಟಿಕ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ. ಕೆಲವು ಹಳೆಯ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ನೀರಿನ ಲೋಹದ ಪೈಪಿಗೇ ಕಟ್ಟಿರುತ್ತಾರೆ. ನಡುವೆ ಎರಡಡಿ ಪ್ಲಾಸ್ಟಿಕ್ ಬಂದರೂ ಆ ದಾರಿ ಕಡಿದಂತೆ. ಗೀಸರಿನಲ್ಲಿ ಕರೆಂಟ್ ಸೋರಿದ ದಿನ ನಲ್ಲಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಹಂತ 7: ಗಾರೆ ಹಾಕುವ ಮೊದಲು ಒತ್ತಡ ಪರೀಕ್ಷೆ

ನೀರು ತುಂಬಿ, ಎತ್ತರದ ಬಿಂದುವಿನಿಂದ ಗಾಳಿಯನ್ನು ಪೂರ್ತಿ ಹೊರಬಿಡಿ. ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ. ಮುಳ್ಳು ಮೊದಲಿಗೆ ತುಸು ಇಳಿಯುವುದು ಸಹಜ, ಪ್ಲಾಸ್ಟಿಕ್ ಹಿಗ್ಗುತ್ತದೆ. ಮತ್ತೆ ಏರಿಸಿ, ಒಂದೆರಡು ಗಂಟೆ ನಿಲ್ಲಬೇಕು. ಆ ಹೊತ್ತಿನಲ್ಲಿ ಪ್ರತಿ ಜಾಯಿಂಟಿನ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ, ಕಣ್ಣಿಗೆ ಕಾಣದ ಒಸರು ಅದರಲ್ಲಿ ಚುಕ್ಕೆಯಾಗಿ ಮೂಡುತ್ತದೆ.

ಗಾಳಿಯ ಕಂಪ್ರೆಸರಿನಿಂದ ಯುಪಿವಿಸಿ, ಸಿಪಿವಿಸಿ ಪರೀಕ್ಷೆ ಮಾಡಲೇಬಾರದು. ಒತ್ತಿದ ನೀರು ಪೈಪು ಒಡೆದಾಗ ಚಿಮ್ಮಿ ನಿಲ್ಲುತ್ತದೆ. ಒತ್ತಿದ ಗಾಳಿ ಪೈಪನ್ನು ಚೂರುಚೂರಾಗಿ ಸಿಡಿಸುತ್ತದೆ.

ಪರೀಕ್ಷೆ ಗೆದ್ದ ಮೇಲೆ ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ. ಬರಹ ಇರುವ ಒಂದು ತುಂಡು ಪೈಪನ್ನೂ ಎತ್ತಿಡಿ.

ಹಂತ 8: ತೊಳೆದು, ಕ್ಲೋರಿನ್ ಹಾಕಿ, ಮತ್ತೆ ತೊಳೆಯುವುದು

ನಲ್ಲಿಗಳ ತುದಿಯ ಜಾಲರಿ ಬಿಚ್ಚಿ, ಫಿಲ್ಟರಿಗೆ ಹೋಗುವ ಲೈನು ಮುಚ್ಚಿ. ದೂರದ ನಲ್ಲಿಯಿಂದ ಶುರುಮಾಡಿ ಒಂದೊಂದನ್ನೂ ಹತ್ತು ನಿಮಿಷ ಪೂರ್ತಿ ತೆರೆದಿಡಿ. ಪ್ಲಾಸ್ಟಿಕ್ ಪುಡಿ, ಮರಳು ಬರುತ್ತದೆ. ಆಮೇಲೆ ಲೈನು ತುಂಬಿ 24 ಗಂಟೆ ನಿಲ್ಲಿಸಿ, ಆ ನೀರನ್ನು ಚೆಲ್ಲಿ. ಅಂಟಿನ ವಾಸನೆ ಹೋಗುವವರೆಗೆ ಇದನ್ನು ಮತ್ತೆ ಮಾಡಿ. 16 ಮಿ.ಮೀ. ಒಳವ್ಯಾಸದ ಪೈಪು ಮೀಟರಿಗೆ 0.2 ಲೀಟರ್ ಹಿಡಿಯುತ್ತದೆ. 30 ಮೀಟರಿಗೆ ಬರೀ 6 ಲೀಟರ್, ವ್ಯರ್ಥವಾಗುವುದು ಹೆಚ್ಚೇನಲ್ಲ. ಚೆಲ್ಲಿದ ನೀರನ್ನು ಒರೆಸಲು, ತೊಳೆಯಲು ಬಳಸಬಹುದು.

ಸೋಂಕು ನಿವಾರಣೆಗೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್, 24 ಗಂಟೆ. ವಾಸನೆ-ಬಣ್ಣ ಬೆರೆಸದ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ಆದರೆ ಲೆಕ್ಕ ಸುಲಭ: ಲೀಟರಿಗೆ 1 ಮಿ.ಲೀ. 500 ಲೀಟರ್ ಟ್ಯಾಂಕಿಗೆ ಅರ್ಧ ಲೀಟರ್. ಗೀಸರ್ ಸ್ವಿಚ್ ಆರಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ. ಮನೆಯಲ್ಲಿ ಎಲ್ಲರಿಗೂ ಹೇಳಿ, ಅಡುಗೆಮನೆ ನಲ್ಲಿಗೆ ಚೀಟಿ ಅಂಟಿಸಿ. ಮಾರನೆಯ ದಿನ ವಾಸನೆ ಮಾಮೂಲಿಗೆ ಬರುವವರೆಗೆ ಹರಿಸಿ. ಹಳೆಯ ಬಾಟಲಿಯ ಹೈಪೋಕ್ಲೋರೈಟ್ ಕಸುವು ಕಳೆದುಕೊಂಡಿರುತ್ತದೆ, ಹೊಸದು ತನ್ನಿ. ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಹಂತ 9: ದಿನದ ಬಳಕೆ, ಸಂಶಯ ಬಂದಾಗ ಪರೀಕ್ಷೆ

ಕುಡಿಯಲು, ಅಡುಗೆಗೆ ತಣ್ಣೀರಿನ ನಲ್ಲಿಯನ್ನೇ ಬಳಸಿ. ಬಿಸಿ ನೀರು ಪೈಪು, ಹಿತ್ತಾಳೆ, ಗೀಸರ್ ತೊಟ್ಟಿ ಎಲ್ಲದರಿಂದಲೂ ಹೆಚ್ಚು ಎಳೆದುಕೊಳ್ಳುತ್ತದೆ. ಕೆಲವು ದಿನ ಮನೆ ಮುಚ್ಚಿದ್ದರೆ ಬಂದ ಕೂಡಲೇ ಎಲ್ಲ ನಲ್ಲಿಗಳನ್ನೂ ಕೆಲವು ನಿಮಿಷ ಹರಿಸಿ. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ, ಶವರಿನ ತುಂತುರಿನ ಮೂಲಕ ಶ್ವಾಸಕೋಶ ಸೇರುತ್ತದೆ. ಆ ಹೊತ್ತಿಗೆ ಶವರನ್ನು ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಹರಿಸುವುದು ಜಾಣತನ. ನೀರು ಸಂಗ್ರಹಿಸುವ ಗೀಸರನ್ನು 60 ಡಿಗ್ರಿಯಲ್ಲಿಡಿ, ಮೈಗೆ ಬೀಳುವ ಮೊದಲು ಮಿಕ್ಸರಿನಲ್ಲಿ 50ಕ್ಕಿಂತ ಕೆಳಗಿಳಿಸಿ. ನಲ್ಲಿ ತೆಗೆದು ಬಿರಡೆ ಹಾಕಿದ ಉದ್ದದ ಕವಲುಗಳನ್ನು ಟೀ ಹತ್ತಿರವೇ ಕತ್ತರಿಸಿ ಮುಚ್ಚಿ.

ಸೀಸದ ಸಂಶಯವಿದ್ದರೆ ರಾತ್ರಿ ಕನಿಷ್ಠ 6 ಗಂಟೆ ನೀರು ಬಳಸದೆ, ಬೆಳಗ್ಗೆ ಬರುವ ಮೊದಲ 1 ಲೀಟರನ್ನು ಹಿಡಿಯಿರಿ. ಐದು ನಿಮಿಷ ಹರಿಸಿ ಇನ್ನೊಂದು ಮಾದರಿ ಹಿಡಿದು ಎರಡನ್ನೂ ಪ್ರಯೋಗಾಲಯಕ್ಕೆ ಕೊಡಿ. ಮೊದಲಿನದರಲ್ಲಿ ಮಾತ್ರ ಹೆಚ್ಚಿದ್ದರೆ ತಪ್ಪು ಮನೆಯೊಳಗಿನ ಪೈಪು ಅಥವಾ ನಲ್ಲಿಯದು. ಎರಡರಲ್ಲೂ ಹೆಚ್ಚಿದ್ದರೆ ಹೊರಗಿನದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಏರುತ್ತದೆ. 1970ರ ದಶಕದ ಮಧ್ಯಭಾಗಕ್ಕಿಂತ ಹಿಂದಿನ ಪಿವಿಸಿ ಪೈಪುಗಳಲ್ಲಿ ಪಿವಿಸಿಯ ಮೂಲವಸ್ತುವಾದ ವಿನೈಲ್ ಕ್ಲೋರೈಡ್‌ನ ಶೇಷ ಹೆಚ್ಚಿರುತ್ತಿತ್ತು. ಇದು ಕ್ಯಾನ್ಸರ್‌ಕಾರಕ, ಮಿತಿ ಲೀಟರಿಗೆ 0.3 ಮೈಕ್ರೊಗ್ರಾಂ. ಇದರ ಮಾದರಿಯನ್ನು ಗಾಳಿಗುಳ್ಳೆ ಉಳಿಯದಂತೆ ಪ್ರಯೋಗಾಲಯ ಕೊಟ್ಟ ಸೀಸೆಯಲ್ಲೇ ತುಂಬಬೇಕು, ಇಲ್ಲವಾದರೆ ಅದು ಆವಿಯಾಗಿ ಹಾರಿಹೋಗುತ್ತದೆ. ಮನೆಗೆ ಬೆಂಕಿ ಬಿದ್ದು ಪೈಪು ಕರಗಿದ್ದರೆ ಉಳಿದ ಲೈನಿನ ನೀರಿನಲ್ಲಿ ಬೆಂಜೀನ್ ಇದೆಯೇ ಎಂದು ನೋಡಿಸದೆ ಕುಡಿಯಬಾರದು. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಕಾಳ್ಗಿಚ್ಚಿಗೆ ಸುಟ್ಟಾಗ ಅಲ್ಲಿನ ನೀರಿನ ಜಾಲದಲ್ಲಿ ಬೆಂಜೀನ್ ಪತ್ತೆಯಾಗಿತ್ತು.

ಹಂತ 10: ಒಡೆದ ತುಂಡನ್ನು ಓದುವುದು

ಸೋರಿದ ಭಾಗವನ್ನು ಕತ್ತರಿಸಿ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಜಾಯಿಂಟಿನಿಂದ ಕಳಚಿ ಬಂದ ಪೈಪಿನ ತುದಿ ಹೊಸದರಂತೆ ನುಣ್ಣಗೆ ಹೊಳೆಯುತ್ತಿದ್ದರೆ ಅಂಟು ಹಿಡಿದೇ ಇರಲಿಲ್ಲ. ಬದಿ ಉಬ್ಬಿ ಒಡೆದಿದ್ದರೆ ಬಿಸಿ ಮಿತಿ ಮೀರಿದೆ, ಗೀಸರಿನ ಥರ್ಮೋಸ್ಟ್ಯಾಟ್ ಪರೀಕ್ಷಿಸಿ. ಉಬ್ಬು ಫಿಟ್ಟಿಂಗಿನ ಬಾಯಿಯ ಪಕ್ಕದಲ್ಲೇ ಇದ್ದು, ಒಳಗೆ ಅಂಟಿನ ಗಡ್ಡೆ ಕಂಡರೆ ಕಾರಣ ಆ ಹೊಂಡ. ಹೊರಮೈಯಲ್ಲಿ ಜೇಡರ ಬಲೆಯಂತೆ ಸೂಕ್ಷ್ಮ ಬಿರುಕುಗಳಿದ್ದರೆ ಯಾವುದೋ ಎಣ್ಣೆಯೋ ಸೀಲಂಟೋ ತಾಗಿದೆ. ಒಂದೇ ಮಗ್ಗುಲು ಕಂದಿ ಪೆಡಸಾಗಿದ್ದರೆ ಬಿಸಿಲು. ಉದ್ದಕ್ಕೆ ಸೀಳಿದ್ದರೆ ನೀರು ಹೆಪ್ಪುಗಟ್ಟಿದ್ದು ಅಥವಾ ಒತ್ತಡದ ಪೆಟ್ಟು. ಹಲ್ಲಿನ ಗುರುತಿದ್ದರೆ ಇಲಿ. ಪೆಕ್ಸ್, ಪಾಲಿಎಥಿಲೀನ್ ಪೈಪನ್ನು ಅವು ಸುಲಭವಾಗಿ ಕಡಿಯುತ್ತವೆ.

ಕಾರಣ ಸರಿಪಡಿಸದೆ ಹೊಸ ತುಂಡು ಹಾಕಿದರೆ ಅದೂ ಹಾಗೆಯೇ ಒಡೆಯುತ್ತದೆ. ಕಣ್ಣಿಗೆ ಕಾಣುವ ಬಿರುಕಿನ ತುದಿಯಿಂದ ಎರಡೂ ಬದಿಗೆ ಕನಿಷ್ಠ 5 ಸೆಂ.ಮೀ. ಆಚೆ ಕತ್ತರಿಸಿ, ಏಕೆಂದರೆ ಕೂದಲೆಳೆಯ ಬಿರುಕು ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಲೈನಿನ ನೀರನ್ನು ಪೂರ್ತಿ ಇಳಿಸಿ, ತೊಟ್ಟಿಕ್ಕುತ್ತಿರುವ ಪೈಪಿಗೆ ಅಂಟು ಹಚ್ಚಬೇಡಿ. ಹೊಸ ತುಂಡು, ಎರಡು ಕಪ್ಲರ್, 24 ಗಂಟೆ ಕಾಯುವಿಕೆ, ಆಮೇಲೆ ಆ ಕವಲಿನ ನಲ್ಲಿಯನ್ನು ವಾಸನೆ ಹೋಗುವವರೆಗೆ ಹರಿಸುವುದು. ಎಂ-ಸೀಲ್ ಮೆತ್ತಿ ಟೇಪು ಸುತ್ತಿದ್ದು ಹೊಸ ತುಂಡು ಬರುವವರೆಗಿನ ಒಂದು ರಾತ್ರಿಗೆ ಮಾತ್ರ.